‘ಅಲ್ಲ ಟೀಚರ್’ ಎಂದ ಸನ್ನಿಧಿ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ತಲ್ಲೂರಿನ ಹತ್ತಿರದ ಶಾಲೆಯೊಂದರಲ್ಲಿ ನಾನು ಎರಡನೇ ತರಗತಿಯ ಟೀಚರ್. ಸನ್ನಿಧಿ (ಹೆಸರು ಬದಲಿಸಿದ್ದೇನೆ) ಬೆಂಚಿಗೆ ಒರಗದೆ ನೆಟ್ಟಗೆ ಕೂತಿದ್ದಳು. ಪಕ್ಕಕ್ಕೆ ಕರೆದು ನೋಡಿದರೆ ಬೆನ್ನ ಮೇಲೆ ಬಾಸುಂಡೆಗಳು.

"ಯಾರ್ ಹೊಡ್ದದ್ ಮಗಾ?" ಅಂದೆ. ಅವಳು ತಲೆ ತಗ್ಗಿಸಿದಳು. ಆಗ ನೆನಪಾದದ್ದು ಅವಳನ್ನು ಶಾಲೆಗೆ ಕರೆತರುವ ಆಟೋದವನು. ಕೆಂಪು ಕಣ್ಣು, ಗಡಸು ದನಿ. ಮೊದಲಿನಿಂದಲೂ ಆ ಮನುಷ್ಯ ಅಂದರೆ ನನಗೆ ಅಷ್ಟಕ್ಕಷ್ಟೇ. "ಆಟೋ ಮಾಮ ಹೊಡ್ದ್ರಾ?" ಮೂರನೇ ಸಲ ಕೇಳಿದಾಗ "ಹೂಂ" ಅಂದಳು. ದೊಡ್ಡವರು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದೇ ಮರ್ಯಾದೆ ಎಂದು ತರಗತಿಯ ಮಕ್ಕಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು. ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಸಿಟ್ಟಿನಲ್ಲಿ ಸ್ಟಾಫ್ ರೂಮಿನಲ್ಲೂ ಹೇಳಿಬಿಟ್ಟೆ. ಮಧ್ಯಾಹ್ನದೊಳಗೆ ಆಟೋ ಸ್ಟ್ಯಾಂಡಿನಲ್ಲಿ ಜನ ಅವನನ್ನು ಮುತ್ತಿದರು. ಪೊಲೀಸರು ಠಾಣೆಗೆ ಕರೆದೊಯ್ದರು.

ಮರುದಿನ ಸನ್ನಿಧಿಯ ಮನೆಗೆ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಬೈಂದೂರು ಕಡೆಯವರು, ಯೂನಿಫಾರಂ ಇಲ್ಲ, ಸಾದಾ ಚೂಡಿದಾರ. ತಾಯಿ ಕರೆದರೆಂದು ನಾನೂ ಹೋಗಿದ್ದೆ. ಅಧಿಕಾರಿ ಅಂಗಳದಲ್ಲೇ ನನ್ನನ್ನು ಕೇಳಿದರು: "ಆಟೋದವ್ನ್ ಹೆಸ್ರ್ ಮೊದ್ಲ್ ಎತ್ತಿದ್ ಯಾರ್ ಟೀಚರ್? ನೀವಾ, ಮಗುವಾ?"

"ನಾನೇ" ಅಂದೆ.

ಅವರು ಬೈಯಲಿಲ್ಲ. "ಒಳ್ಗ್ ಬಂದ್ ಕೂಕಣಿ. ಬಾಯಿ ಮಾತ್ರ ಬಿಡ್ಬೇಡಿ" ಅಂದರು.

ಸನ್ನಿಧಿಯ ಮಡಿಲಲ್ಲಿ ಬೆಳ್ಳಗಿನ ಬೆಕ್ಕಿನ ಮರಿಯಿತ್ತು. "ನಿನ್ ಕರಿ ಬೆಕ್ಕ್ ಚೆಂದ ಇತ್ತಲೆ" ಅಂದರು ಅಧಿಕಾರಿ. ಸನ್ನಿಧಿ ನನ್ನ ಮುಖ ನೋಡಿ "ಹೂಂ" ಅಂದಳು! ನಿನ್ನೆ ನನಗೆ ಸಿಕ್ಕಿದ್ದೂ ಇಂಥದೇ ‘ಹೂಂ’ ಎಂದು ಆಗ ಹೊಳೆಯಿತು.

"ನಾನ್ ತಪ್ಪ್ ಹೇಳ್ದೆ ಮಗಾ. ದೊಡ್ಡೋರೂ ತಪ್ಪ್ ಹೇಳ್ತ್ರ್. ಆಗ ‘ಅಲ್ಲ’ ಅನ್, ಯಾರೂ ಬೈಯುದಿಲ್ಲ. ಈಗ ಹೇಳ್, ನೀನ್ ಒಂದ್ನೇ ಕ್ಲಾಸ್ ಅಲ್ದಾ?"

ಸನ್ನಿಧಿ ಬೆಕ್ಕಿನ ಮರಿಯ ಕಿವಿ ಸವರಿದಳು. "ಅಲ್ಲ... ಎರಡ್ನೇ ಕ್ಲಾಸ್."

"ಹಾಂ, ಹಾಂಗೆ! ನಿನ್ ಬೆನ್ನಿಗ್ ಎಂತ ಆಯ್ತ್ ಅಂದ್ ನಂಗ್ ಗೊತ್ತಿಲ್ಲ, ನಾನಲ್ಲಿ ಇರ್ಲಿಲ್ಲ. ಸುರುವಿಂದ ಹೇಳ್."

ಆಮೇಲೆ ಅವರು ಹೆಚ್ಚಾಗಿ ಕೇಳಿದ್ದು "ಮತ್ತೆಂತ ಆಯ್ತ್?" ಅಷ್ಟೇ. ಅವಳು ಮಾತು ನಿಲ್ಲಿಸಿದರೆ ಕಾಯುತ್ತಿದ್ದರು. ನನ್ನ ನಾಲಿಗೆ ತುರಿಸುತ್ತಿತ್ತು. ಸೆರಗಿನ ತುದಿ ಕಚ್ಚಿ ಕೂತೆ.

ಹೊಡೆದದ್ದು ಟ್ಯೂಷನ್ ಮಾಸ್ತರು. ಲೆಕ್ಕ ತಪ್ಪಿದ್ದಕ್ಕೆ, ಬೆತ್ತದಲ್ಲಿ. ಮನೆಯಲ್ಲಿ ಹೇಳಿದರೆ ಇನ್ನೂ ಬೀಳುತ್ತದೆ ಎಂದು ಹೆದರಿಸಿದ್ದರಂತೆ. ಅದರ ಮರುದಿನ ಬೆಳಿಗ್ಗೆ ಆಟೋದಲ್ಲಿ ಬರುವಾಗ ಏನಾಯಿತು ಎಂದು ಅಧಿಕಾರಿ ಕೇಳಿದಾಗ ಸನ್ನಿಧಿ ಹೇಳಿದಳು: "ಬೆನ್ನ್ ನೋಯ್ತ್ ಅಂದೆ. ಮಾಮ ನನ್ ಬ್ಯಾಗ್ ಶಾಲಿ ಬಾಗ್ಲ್ ತನ್ಕ ಹೊತ್ಕಂಡ್ ಬಂದ್ರ್."

ನನಗೆ ಅಳು ತಡೆಯಲಾಗಲಿಲ್ಲ.

ಆಟೋದವರನ್ನು ಪೊಲೀಸರು ಅಂದೇ ಬಿಟ್ಟರು. ನಾನು ಆಟೋ ಸ್ಟ್ಯಾಂಡಿಗೇ ಹೋಗಿ ಎಲ್ಲರೆದುರು ಕ್ಷಮೆ ಕೇಳಿದೆ. "ಹೆಣ್ಣ್ ಈಗ ಹುಷಾರಿತ್ತಲೆ ಟೀಚ್ರೇ, ಸಾಕ್" ಅಂದರು, ನನ್ನ ಮುಖ ನೋಡದೆ. ಅದು ಇವತ್ತಿಗೂ ಚುಚ್ಚುತ್ತದೆ. ಮಾಸ್ತರ ಮೇಲೆ ಕೇಸು ನಡೆಯುತ್ತಿದೆ, ಟ್ಯೂಷನ್ ಬಾಗಿಲು ಹಾಕಿದೆ.

ಆ ವಾರದಿಂದ ದಿನಕ್ಕೊಂದು ಲೆಕ್ಕವನ್ನು ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಬರೆಯತೊಡಗಿದೆ. ಮೊದಮೊದಲು ಮಕ್ಕಳೆಲ್ಲ ಅದನ್ನೇ ನಕಲು ಮಾಡಿಕೊಂಡರು. ಒಂದು ಬೆಳಿಗ್ಗೆ ಸನ್ನಿಧಿ ಬೆಂಚಿಗೆ ಹಾಯಾಗಿ ಒರಗಿ ಕೂತಲ್ಲಿಂದಲೇ ಕೂಗಿದಳು: "ಅಲ್ಲ ಟೀಚರ್, ಹದಿನೇಳ್!"

ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಅಷ್ಟು ಖುಷಿಯಿಂದ ಬೋರ್ಡ್ ಒರೆಸಿದ್ದಿಲ್ಲ.