ಹೆಸರು ಹಿಡಿದು ಕರೆಯುವ ರಬ್ಬಿ

ಹೆಣವಿರುವ ಕೋಣೆಗೆ ಹೋಗುವಾಗಲೂ ರಬ್ಬಿ ಯಾಕೋವ್ ಬಾಗಿಲು ತಟ್ಟುತ್ತಿದ್ದರು. ತಟ್ಟಿ, ಒಳಗಿನಿಂದ ಒಪ್ಪಿಗೆ ಬರಲೆಂಬಂತೆ ತುಸು ನಿಂತು, ಆಮೇಲೆ ಹಿಡಿಕೆ ತಿರುಗಿಸುತ್ತಿದ್ದರು.

ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ನಮ್ಮ ಪಕ್ಕದ ಮನೆಯವರು. ರೊಮೇನಿಯಾದಿಂದ ವಲಸೆ ಬಂದ ಯಹೂದಿ ಧರ್ಮಗುರು. ಮಣ್ಣು ಮಾಡುವವರೆಗೆ ಹೆಣವನ್ನು ಒಂಟಿಯಾಗಿ ಬಿಡಬಾರದೆಂಬುದು ಯಹೂದಿಗಳ ಪದ್ಧತಿ. ಇವರು ದಿಕ್ಕಿಲ್ಲದವರ ಪಕ್ಕದಲ್ಲೂ ಕೂರುತ್ತಿದ್ದರು, ಯಾವ ಜಾತಿಯಾದರೂ ಸರಿ. ಬರೀ ನಂಬರಿದ್ದ ಅನಾಥರ ಗೋರಿಗಳಿಗೆ ಹೆಸರು ಹಾಕಿಸಲು ವರ್ಷಗಟ್ಟಲೆ ಕಚೇರಿ ಅಲೆದು, ಕೊನೆಗೆ ಹಾಕಿಸಿಯೂ ಬಿಟ್ಟರು. "ಸತ್ತೋರು ಕಾಯ್ತಿರ್ತಾರಪ್ಪಾ, ಸರಿಯಾಗಿ ಕರೀಬೇಕು" ಎನ್ನುತ್ತಿದ್ದರು. ಮುದುಕನಿಗೆ ನಟ್ಟು ಲೂಸು ಎಂದು ನಾನು ಹೆಂಡತಿಯ ಹತ್ತಿರ ನಗುತ್ತಿದ್ದೆ.

ಕೋವಿಡ್ಡಿನ ಮೊದಲ ವರ್ಷ, ನಮ್ಮನ್ನು ನೋಡಲು ಬಂದಿದ್ದ ಅಮ್ಮ ಇಲ್ಲೇ ತೀರಿಕೊಂಡರು. ನಮಗೆಲ್ಲ ಪಾಸಿಟಿವ್, ಹೊರಗೆ ಕಾಲಿಡುವಂತಿಲ್ಲ. ಅಂತ್ಯಸಂಸ್ಕಾರದವರ ತಣ್ಣನೆಯ ಕೋಣೆಯಲ್ಲಿ ಅಮ್ಮ ಒಬ್ಬರೇ. ರಬ್ಬಿ ಹೋಗಿ ಕೂತರು.

ಮಧ್ಯಾಹ್ನ ಅವರ ಫೋನು ಬಂತು. "ಕಾಲಿನ ಚೀಟೀಲಿ 'ಫ್ನೂ' ಅಂತಿದೆ. ಬೆಳಗ್ಗಿಂದ ಕರೀತಿದೀನಿ. ಇವರು ಓಗೊಡ್ತಾ ಇಲ್ಲ."

ನನಗೆ ನಾಚಿಕೆಯಾಯಿತು. ಪಾಸ್‌ಪೋರ್ಟಿನಲ್ಲಿ ಅಮ್ಮನಿಗೆ ಒಂದೇ ಹೆಸರು, ನಾಗಮ್ಮ. ಅದು ಸರ್‌ನೇಮಿನ ಕಾಲಂಗೆ ಹೋಗಿ, ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಬಿದ್ದಿತ್ತು. ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ ಎಂದರ್ಥ. ಅದನ್ನೇ ಕೂಡಿಸಿ ಓದಿ 'ಫ್ನೂ ಮೇಡಂ' ಎಂದು ನಾವೇ ಅಮ್ಮನನ್ನು ರೇಗಿಸುತ್ತಿದ್ದೆವು. ನಿಜವಾದ ಹೆಸರು ನಾಗಮ್ಮ ಎಂದು ರಬ್ಬಿಗೆ ಎಲ್ಲ ವಿವರಿಸಿದೆ.

"ಗೊತ್ತಿಲ್ಲ ಅನ್ನೋ ಹೆಸರಲ್ಲಿ ಇವರನ್ನ ಬೆಂಕಿಗೆ ಕಳಿಸಲ್ಲ ನಾನು. ಮನೇಲಿ ಏನಂತ ಕರೀತಿದ್ರು?"

"ನಾಗೂ" ಎಂದೆ. ಹಾಗೆ ಕರೆಯುತ್ತಿದ್ದವರು ಅಪ್ಪ ಒಬ್ಬರೇ. ಅವರು ಹೋಗಿ ಹನ್ನೊಂದು ವರ್ಷವಾಗಿತ್ತು.

ಅರ್ಧ ಗಂಟೆಗೆ ಮತ್ತೆ ಫೋನು. "ಹೊಸ ಚೀಟಿ ಕಟ್ಟಿಸಿದೆ, ನಾಗಮ್ಮ ಅಂತ. ಆಮೇಲೆ 'ನಾಗೂ' ಅಂದೆ. ಏನೋ ಅಂದ್ರು, ಬರ್ಕೊಂಡಿದೀನಿ." ಕಾಗದದ ಸದ್ದಾಯಿತು. "'ಬಂದೇ ರೀ.' ಈ 'ರೀ' ಯಾರು?"

ಇಂಗ್ಲಿಷನ್ನೇ ತಡವರಿಸಿ ಆಡುವ ಮನುಷ್ಯ. ಕನ್ನಡದ ಒಂದಕ್ಷರ ಬಾರದು.

"ನಮ್ಮಪ್ಪ" ಎಂದೆ.

"ಸರಿ ಹಾಗಾದ್ರೆ. ಕರಕೊಂಡು ಹೋಗೋಕೆ ಬಂದಿದಾರೆ" ಎಂದು ಫೋನಿಟ್ಟರು.

ಹೋದ ವರ್ಷ ರಬ್ಬಿಯೂ ತೀರಿಕೊಂಡರು. ಅವರ ಪಕ್ಕ ಕೂರಲು ರಬ್ಬಿಯ ಹೆಂಡತಿ ನನಗೂ ಒಂದು ಗಂಟೆ ಕೊಟ್ಟರು. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ಅವರೇ ಹೇಳಿಕೊಟ್ಟರು. "ಯಾಂಕೆಲ್" ಎಂದು ಮೆಲ್ಲಗೆ ಕರೆದೆ. ಓಗೊಡದಿರಲಿ ದೇವರೇ ಎಂದು ಬೇಡುತ್ತ ಕೂತೆ. ಗಂಟೆ ಮುಗಿಯಿತು, ಓಗೊಡಲಿಲ್ಲ. ಬೇಡಿಕೊಂಡವನು ನಾನೇ, ಆದರೂ ಅವರ ಮೇಲಿನ ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.