ಮಾನಿಟರ್ ಹೊತ್ತು ರಾಮನಗರಕ್ಕೆ

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು ಹಿಂಡಿ ಮೂಟೆಗಳ ನಡುವೆ ಕೂತು. ಮಾಗಡಿಯಲ್ಲಿ ಡಿ.ಟಿ.ಪಿ. ಅಂಗಡಿ ಮುಚ್ಚುತ್ತಿದ್ದವರೊಬ್ಬರಿಂದ ನಮ್ಮ ಯಜಮಾನರು ಅದನ್ನು ಕೊಂಡು, ಕುರಿಗಳಿಗೆ ಹಿಂಡಿ ತರುವ ಟೆಂಪೋದಲ್ಲೇ ಹೇರಿಕೊಂಡು ಬಂದಿದ್ದರು. ನಮ್ಮದು ಸಾವನದುರ್ಗದ ಮಗ್ಗುಲಿನ ಊರು. ಒಂದಿಷ್ಟು ರಾಗಿ ಹೊಲ, ಒಂದು ಕುರಿ ಮಂದೆ. ಮದುವೆಗೆ ಮುಂಚೆ ನಾನು ಮಾಗಡಿಯಲ್ಲಿ ಕಂಪ್ಯೂಟರ್ ತರಗತಿಗೆ ಹೋಗಿ ಕನ್ನಡ ಟೈಪಿಂಗ್ ಕಲಿತಿದ್ದೆ. ಅದು ದಂಡವಾಗಬಾರದು ಅಂತ ಪಟ್ಟು ಹಿಡಿದವರು ನನ್ನ ಅತ್ತೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಬೆರಳು ಒತ್ತಿದ ಕಡೆ ಅಕ್ಷರ ಮೂಡುವುದನ್ನು ನೋಡುತ್ತಾ ನನ್ನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುವುದು ಅವರಿಗೆ ಬಹಳ ಇಷ್ಟವಾಗಿತ್ತು.

ಸುತ್ತಮುತ್ತಲ ಊರುಗಳ ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಮಾಗಡಿಯ ಪ್ರೆಸ್‌ನವರು ಫ್ಲಾಪಿಯಲ್ಲಿ ತಗೊಂಡು ಹೋಗಿ ಅಚ್ಚು ಹಾಕಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅತ್ತೆ ತಮ್ಮ ಹಳೆಯ ಸೀರೆಯ ತುಂಡೊಂದನ್ನು ಮಾನಿಟರಿನ ಮೇಲೆ ಹೊದಿಸುತ್ತಿದ್ದರು. ಮೇಜಿನ ಕೆಳಗಿದ್ದ ಡಬ್ಬಕ್ಕೆ ಏನನ್ನೂ ಹೊದಿಸುತ್ತಿರಲಿಲ್ಲ. ನಮ್ಮಿಬ್ಬರ ಲೆಕ್ಕದಲ್ಲಿ ಕಂಪ್ಯೂಟರ್ ಅಂದರೆ ಮೇಲಿದ್ದ ಗಾಜಿನ ಮುಖದ್ದು. ಕೆಳಗಿನದು ಅದಕ್ಕೆ ಕರೆಂಟ್ ಕೊಡುವ ಸ್ಟೆಬಿಲೈಸರ್ ತರಹದ್ದೇನೋ. 'ಸಿಪಿಯು ಕಂಪ್ಯೂಟರಿನ ಮೆದುಳು' ಅಂತ ನಾನು ತರಗತಿಯ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆನಾದರೂ, ಆ ಮೆದುಳು ಎಲ್ಲಿದೆ ಅಂತ ಒಬ್ಬರೂ ಮುಟ್ಟಿ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಮದುವೆಗಳ ಕಾಲ. ಪಕ್ಕದ ಊರಿನವರ ಲಗ್ನಪತ್ರಿಕೆಯೊಂದನ್ನು ಮುಗಿಸಿ ಇಟ್ಟಿದ್ದೆ. ಮಾರನೆಯ ಬೆಳಗ್ಗೆ ಸ್ವಿಚ್ ಹಾಕಿದರೆ ಪರದೆ ಕಪ್ಪಗೇ ಇತ್ತು. ಕೆಳಗಿನ ಡಬ್ಬದಲ್ಲಿ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಎಲ್ಲಿಂದಲೋ ಕುಯ್ ಕುಯ್ ಅಂತ ಸದ್ದೂ ಬರುತ್ತಿತ್ತು. ಕರೆಂಟ್ ಹೋದಾಗ ಯುಪಿಎಸ್ ಹಾಗೆ ಕೂಗುತ್ತಿದ್ದರಿಂದ ಅದೇ ಇರಬೇಕೆಂದು ಸುಮ್ಮನಾದೆ. ಮಾನಿಟರಿನ ಮೂಲೆಯಲ್ಲಿ ಯಾವಾಗಲೂ ಹಸಿರಾಗಿರುತ್ತಿದ್ದ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಚಿತ್ರ ಬರುತ್ತಿಲ್ಲ, ದೀಪದ ಬಣ್ಣವೂ ಬೇರೆ, ಅಂದಮೇಲೆ ಕೆಟ್ಟಿರುವುದು ಇದೇ ಅಂತ ನಾವಿಬ್ಬರೂ ತೀರ್ಮಾನಿಸಿದೆವು.

ಮಾಗಡಿಯಲ್ಲಿ ರಿಪೇರಿ ಮಾಡುತ್ತಿದ್ದವರು ಊರಿಗೆ ಹೋಗಿದ್ದರು. ರಾಮನಗರದಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ ಅಂತ ಪ್ರೆಸ್‌ನವರು ಹೇಳಿದರು. ಯಜಮಾನರು ಕುರಿ ಬಿಟ್ಟು ಬರುವಂತಿರಲಿಲ್ಲ. ಆಗ ಅತ್ತೆಯೇ ಎದ್ದರು. "ನಡಿಯವ್ವ, ನಾನೂ ಬತ್ತೀನಿ. ಒಬ್ಳೇ ಎಂಗೆ ಹೊತ್ಕೊಂಡು ಹೋದೀಯ" ಅಂದರು.

ಆಗಿನ ಮಾನಿಟರ್ ಈಗಿನಂತೆ ತೆಳ್ಳಗಿರಲಿಲ್ಲ. ಹಿಂದಕ್ಕೆ ಬೆನ್ನು ಚಾಚಿಕೊಂಡು ಒಳ್ಳೆ ಟಗರಿನಷ್ಟು ತೂಗುತ್ತಿತ್ತು. ಗಾಜು ಒಡೆದೀತೆಂದು ಅತ್ತೆ ಅದಕ್ಕೆ ಕರಿ ಕಂಬಳಿ ಸುತ್ತಿದರು. ಬಸ್ಸಿನಲ್ಲಿ ಅದನ್ನು ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಇಟ್ಟುಕೊಂಡು ಕೂತೆವು. ಕಂಡಕ್ಟರ್ ಟಿವಿನಾ ಅಂತ ಕೇಳಿದ್ದಕ್ಕೆ ಅತ್ತೆ ಸೆಟೆದು ಕೂತು, ಕಂಪ್ಯೂಟ್ರು ಅಂದರು. ಆತ ನಮಗಾಗಿ ಮುಂದಿನ ಸೀಟಿನವರನ್ನು ಒಂದಿಷ್ಟು ಸರಿಸಿ ಕೂರಿಸಿದ. ದಾರಿಯುದ್ದಕ್ಕೂ, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅತ್ತೆ ಕಂಬಳಿಯ ಮೇಲೆ ಎರಡೂ ಕೈ ಊರಿ ಹಿಡಿದುಕೊಳ್ಳುತ್ತಿದ್ದರು.

ರಿಪೇರಿ ಅಂಗಡಿಯಾಕೆಗೆ ನನಗಿಂತ ಹತ್ತು ವರ್ಷ ಹೆಚ್ಚಿದ್ದೀತು. ಕನ್ನಡಕವನ್ನು ತಲೆಯ ಮೇಲೇರಿಸಿ, ಮುಂಗೈಗೊಂದು ವೈರು ಕಟ್ಟಿಕೊಂಡು ಏನನ್ನೋ ಬೆಸೆಯುತ್ತಿದ್ದರು. ನಾವು ಕಂಬಳಿ ಬಿಚ್ಚಿ ಮೇಜಿನ ಮೇಲಿಟ್ಟೆವು. ಆಕೆ ತಮ್ಮಲ್ಲಿದ್ದ ಒಂದು ಡಬ್ಬಕ್ಕೆ ನಮ್ಮ ಮಾನಿಟರಿನ ತಂತಿ ಸಿಕ್ಕಿಸಿದರು. ದೀಪ ಹಸಿರಾಯಿತು. ಪರದೆ ಬೆಳಗಿತು. ಆದರೆ ಅದರಲ್ಲಿ ಕಂಡದ್ದು ನಮ್ಮದಲ್ಲದ ಯಾವುದೋ ಹೂವಿನ ಚಿತ್ರ.

"ಇದು ಚೆನ್ನಾಗೈತಲ್ಲ. ಕಂಪ್ಯೂಟರ್ ಎಲ್ಲಿ?" ಅಂದರು ಆಕೆ.

ನಾನು ಮಾನಿಟರನ್ನೇ ತೋರಿಸಿದೆ. ಆಕೆ ನಗಲಿಲ್ಲ. ಸ್ಟೂಲ್ ಎಳೆದು ನಮ್ಮನ್ನು ಕೂರಿಸಿದರು. ಇದು ಬರೀ ತೋರಿಸುವುದು, ಕೆಲಸ ಮಾಡುವುದೆಲ್ಲ ಕೆಳಗಿನ ಡಬ್ಬ, ಅಲ್ಲಿಂದ ಏನೂ ಬರದಿದ್ದಾಗ ಇದು ಕಿತ್ತಳೆ ದೀಪ ಹಚ್ಚಿಕೊಂಡು ಕಾಯುತ್ತದೆ ಅಂತ ವಿವರಿಸಿದರು. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಅಷ್ಟು ದೂರದಿಂದ ಹೊತ್ತು ತಂದದ್ದು ಇದನ್ನಾ ಅಂತ ಅತ್ತೆಯ ಕಡೆ ನೋಡಿದರೆ, ಅವರು ಸೆರಗು ಬಾಯಿಗಿಟ್ಟುಕೊಂಡು ಭುಜ ಕುಣಿಯುವಷ್ಟು ನಗುತ್ತಿದ್ದರು. ಅದನ್ನು ಕಂಡು ನನಗೂ ನಗು ಬಂತು. ಆಮೇಲೆ ಅಂಗಡಿಯಾಕೆಯೂ ನಕ್ಕರು, ಟೀ ತರಿಸಿದರು.

ಟೀ ಕುಡಿಯುತ್ತಾ ಆಕೆ, ಡಬ್ಬ ಏನಾದರೂ ಕೂಗುತ್ತಿತ್ತಾ ಅಂತ ಕೇಳಿದರು. ಕುಯ್ ಕುಯ್ ಅನ್ನುತ್ತಿತ್ತು ಅಂತ ಅತ್ತೆ ಸದ್ದು ಮಾಡಿಯೇ ತೋರಿಸಿದರು. ಆಕೆಗೆ ಅಷ್ಟೇ ಸಾಕಾಯಿತು. ಒಳಗಿನ ಪಟ್ಟಿಯೊಂದು ಸರಿಯಾಗಿ ಕೂರದಿದ್ದರೆ ಡಬ್ಬ ಹಾಗೆ ಕೂಗುತ್ತದೆ ಅಂದರು. ಮುಚ್ಚಳ ತೆಗೆದಿಟ್ಟಿದ್ದ ಇನ್ನೊಂದು ಡಬ್ಬವನ್ನು ಎಳೆದು, ಅದರೊಳಗೆ ನೆಟ್ಟಗೆ ನಿಂತಿದ್ದ ಹಸಿರು ಪಟ್ಟಿಯೊಂದನ್ನು ಮುಟ್ಟಿ ತೋರಿಸಿದರು. ಅದು ರ್‍ಯಾಮ್. ನಾವು ಈಗ ಮಾಡುತ್ತಿರುವ ಕೆಲಸ ಅದರ ಮೇಲಿರುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು. ಪಕ್ಕದಲ್ಲಿದ್ದ ತೂಕದ ಕಬ್ಬಿಣದ ಪೆಟ್ಟಿಗೆ ಹಾರ್ಡ್ ಡಿಸ್ಕ್. ಸೇವ್ ಮಾಡಿದ್ದೆಲ್ಲ ಅದರೊಳಗೆ, ಕರೆಂಟ್ ಇರಲಿ ಬಿಡಲಿ.

ಅತ್ತೆ ಸ್ವಲ್ಪ ಯೋಚಿಸಿ, "ಮೊರದಾಗಿರೋ ರಾಗಿ, ಕಣಜದಾಗಿರೋ ರಾಗಿ ಅನ್ನು" ಅಂದರು. ಆಕೆ ಹೂಂ ಅಂದರು. ತಕ್ಷಣ ಅತ್ತೆಯ ಮುಖದಲ್ಲಿ ಗಾಬರಿ. "ಅಂಗಾರೆ ಆ ಮದ್ವೆ ಕಾಗದ ಯಾವ್ದ್ರಾಗೈತೆ?" ಅಂತ ನನ್ನನ್ನು ಕೇಳಿದರು. ಸೇವ್ ಮಾಡಿದ್ದೆ ಅಂತ ಹೇಳಿದ ಮೇಲೇ ಅವರು ಉಳಿದ ಟೀ ಕುಡಿದದ್ದು.

ಡಬ್ಬವನ್ನು ನಾಳೆ ಹೊತ್ತು ತರುತ್ತೇವೆ ಅಂದೆ. ಬೇಡ, ಇದು ನಿಮ್ಮ ಕೈಲೇ ಆಗುತ್ತೆ ಅಂದರು ಆಕೆ. ತಮ್ಮ ಡಬ್ಬದಲ್ಲಿದ್ದ ಆ ಪಟ್ಟಿಯನ್ನು ನನ್ನಿಂದಲೇ ತೆಗೆಸಿದರು. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಸಿ, ಮತ್ತೆ ಟಕ್ ಅನ್ನುವವರೆಗೆ ಒತ್ತಿಸಿದರು. ಮೊದಲು ಪ್ಲಗ್ ಕೀಳಬೇಕು, ಕಬ್ಬಿಣ ಮುಟ್ಟಿ ಮೈಯಲ್ಲಿರುವ ಕರೆಂಟ್ ಕಳೆದುಕೊಳ್ಳಬೇಕು, ಕಂಬಳಿಯನ್ನು ಹತ್ತಿರಕ್ಕೂ ತರಬಾರದು ಅಂತ ಹೇಳಿಕೊಟ್ಟರು.

ವಾಪಸು ಬರುವಾಗಲೂ ಬಸ್ಸಿನಲ್ಲಿ ಅದೇ ಕಂಡಕ್ಟರ್. ರಿಪೇರಿ ಆಯಿತಾ ಅಂತ ಕೇಳಿದ. ಆಯ್ತು ಕಣಪ್ಪ ಅಂದ ಅತ್ತೆ, ಕಿಟಕಿಯ ಕಡೆ ತಿರುಗಿ ಮತ್ತೆ ಭುಜ ಕುಣಿಸತೊಡಗಿದರು.

ಮನೆಗೆ ಬಂದವಳೇ ಪ್ಲಗ್ ಕಿತ್ತು ಡಬ್ಬದ ತಿರುಪು ಬಿಚ್ಚಿದೆ. ಅತ್ತೆ ಟಾರ್ಚ್ ಹಿಡಿದರು. ಒಳಗೆ ಫ್ಯಾನಿನ ಸುತ್ತ ಬೂದು ಬಣ್ಣದ ಉಂಡೆ. ಧೂಳಿನ ಜೊತೆ ನಮ್ಮ ಕುರಿಗಳ ತುಪ್ಪಟವೂ ಸೇರಿ ಹೊಸೆದುಕೊಂಡಿತ್ತು. ಅದನ್ನೆಲ್ಲ ಬಿಡಿಸಿ ತೆಗೆದು, ಪಟ್ಟಿ ಉಜ್ಜಿ, ಮತ್ತೆ ಕೂರಿಸಿದೆ. ಮುರಿದೇ ಹೋಯಿತೇನೋ ಅನ್ನುವಷ್ಟು ಒತ್ತಿದ ಮೇಲೆ ಟಕ್ ಅಂತು. ಸ್ವಿಚ್ ಹಾಕಿದರೆ ಚಿಕ್ಕದೊಂದು ಪೀಂ ಸದ್ದು, ಆಮೇಲೆ ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲು. ಲಗ್ನಪತ್ರಿಕೆ ಇದ್ದಲ್ಲೇ ಇತ್ತು. ಸಂಜೆ ಮಂದೆ ಹೊಡೆದುಕೊಂಡು ಬಂದ ಯಜಮಾನರಿಗೆ ಅತ್ತೆ ಇಡೀ ಕಥೆಯನ್ನು ಹಟ್ಟಿಯ ಬಾಗಿಲಲ್ಲೇ ನಿಲ್ಲಿಸಿಕೊಂಡು ಹೇಳಿದರು. ಹೊತ್ತುಕೊಂಡು ಹೋದದ್ದು ಬರೀ ಮಾನಿಟರ್ ಅನ್ನುವುದನ್ನು ಮಾತ್ರ ಬಿಟ್ಟುಬಿಟ್ಟರು.

ಆ ಯಂತ್ರ ಆಮೇಲೂ ಬಹಳ ವರ್ಷ ದುಡಿಯಿತು. ಪ್ರತಿ ಯುಗಾದಿಗೆ ಮುಂಚೆ ಅದನ್ನು ಬಿಚ್ಚಿ, ಸುಣ್ಣ ಹೊಡೆಯುವ ಹೊಸ ಕುಂಚದಲ್ಲಿ ಒಳಗೆಲ್ಲ ಗುಡಿಸುವುದು ನಮ್ಮಿಬ್ಬರ ಕೆಲಸವಾಗಿತ್ತು. ನಾವು ಹೆಚ್ಚು ಮಾತಾಡಿದ್ದು ಆ ಹೊತ್ತುಗಳಲ್ಲೇ. ತಾವು ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ತಮ್ಮನ್ನು ಯಾರೂ ಏನೂ ಮುಟ್ಟಗೊಡುತ್ತಿರಲಿಲ್ಲ ಅಂತ ಅವರು ಹೇಳಿಕೊಂಡದ್ದು ಅಂಥದ್ದೇ ಒಂದು ಮಧ್ಯಾಹ್ನ, ಕೈಯಲ್ಲಿ ತಿರುಪುಗಳನ್ನು ಹಿಡಿದುಕೊಂಡು.

ಈಗ ನನ್ನ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲಿ. ಕೆಟ್ಟರೆ ಅಂಗಡಿಗೆ ಕೊಟ್ಟು ಬರುತ್ತೇನೆ. ಒಳಗೇನಾಗಿತ್ತು ಅಂತ ಅವರೂ ಹೇಳುವುದಿಲ್ಲ. ಅತ್ತೆಗೆ ಮೊಮ್ಮಗಳು ಕೊಡಿಸಿದ ಫೋನ್ ಇದೆ. ಮೊನ್ನೆ ಅದು ತುಂಬಿಹೋಗಿ ಫೋಟೋ ತೆಗೆಯುವುದನ್ನು ನಿಲ್ಲಿಸಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ಅಂಚುಗಳನ್ನೆಲ್ಲ ಉಗುರಿನಲ್ಲಿ ತಡಕಿದರು.

"ಇದ್ಕೆ ತಿರುಪೇ ಇಲ್ವಲ್ಲವ್ವ" ಅಂದರು.

ಅಂಟು ಹಾಕಿ ಮುಚ್ಚಿರುತ್ತಾರೆ ಅತ್ತೆ, ಬಿಚ್ಚೋಕಾಗಲ್ಲ ಅಂದೆ. ಅವರು ಇನ್ನೊಮ್ಮೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಜಗಲಿಯ ಮೇಲೆ ಕೂತು, ಬೇಡದ ಫೋಟೋಗಳನ್ನು ಒಂದೊಂದಾಗಿ ಅಳಿಸಿದೆವು.