ಸಂತಾಪ ಸಭೆಗೆ ಬಂದ ಹಳೆಯ ಸೀರೆಗಳು

ಸಂತಾಪ ಸಭೆಗೆ ಯಾರಾದರೂ ಹಳೆಯ ಸೀರೆಗಳ ಗಂಟು ಹೊತ್ತು ತರುತ್ತಾರೆಯೆ? ಕಳೆದ ಭಾನುವಾರ ಹುಣಸೂರಿನಲ್ಲಿ ತಂದರು. ಒಬ್ಬರಲ್ಲ, ಹನ್ನೊಂದು ಮಂದಿ ಹೆಂಗಸರು. ಅವರನ್ನು ಬಾಗಿಲಲ್ಲಿಯೇ ತಡೆದ ಮಹಾಶಯನು ನಾನು.

ನಾನು ಆ ಸಭೆಯ ಸೆಕ್ರೆಟರಿ. (ನಮ್ಮ ವಂಶದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ. ಆದ್ದರಿಂದ ಊರಿನಲ್ಲಿ ಯಾವ ಕಾಗದ ಬರೆಯಬೇಕಾದರೂ ನನಗೇ ಕರೆ. ಅದರಲ್ಲಿ ತಪ್ಪು ಉಳಿದರೆ ಎಂಬ ಭಯವೂ ನನ್ನದೇ.) ಅಂದಿನ ಸಂತಾಪ ನಿರ್ಣಯವನ್ನು ನಾಲ್ಕು ಸಲ ತಿದ್ದಿ ಬರೆದಿದ್ದೆ.

ಸಭೆ ಸೇರಿದ್ದು ಮಿಸ್ ಹಾರ್ಲೆಯವರಿಗಾಗಿ. ಅವರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಳ್ಳಿಹಳ್ಳಿಗೆ ಎತ್ತಿನ ಗಾಡಿಯಲ್ಲಿ ಹೋಗಿ ಹೆರಿಗೆ ಮಾಡಿಸುತ್ತಿದ್ದ ಮಿಷನ್ ಡಾಕ್ಟರು. ನಮ್ಮ ಜನರ ಬಾಯಲ್ಲಿ ಅವರು ‘ಆರ್ಲಿಯಮ್ಮ’. ಎರಡು ವರ್ಷಗಳ ಹಿಂದೆ ಮಿಷನ್ನಿನವರು ಅವರನ್ನು ಚೀನಾ ದೇಶಕ್ಕೆ ಕಳುಹಿಸಿದರು. ಅಲ್ಲಿ, ಔಷಧಿಗಾಗಿ ಆಸ್ಪತ್ರೆಯ ಮುಂದೆ ನಿಂತಿದ್ದ ಜನರ ಮೇಲೆ ಯಾವುದೋ ಗುಪ್ತದಳದವರು ಬಾಂಬು ಎಸೆದರು. ರೋಗಿಗಳ ನಡುವೆ ನಿಂತಿದ್ದ ಆರ್ಲಿಯಮ್ಮನವರು ಸ್ಥಳದಲ್ಲಿಯೇ ಮೃತರಾದರಂತೆ. ರೋಗಿಗಳನ್ನು ಕೊಂದು ಸಾಧಿಸುವ ಧ್ಯೇಯವಾದರೂ ಯಾವುದು? ನನಗೆ ತಿಳಿಯದು. ಎಸೆದವರಿಗೂ ತಿಳಿದಿರಲಾರದು.

ಅವರು ಇಲ್ಲಿಂದ ಹೋದ ಮೇಲೆ, ಸೇತುವೆಯ ಬಳಿಯ ಡಿಸ್ಪೆನ್ಸರಿಯನ್ನು ಅವರ ಶಿಷ್ಯೆ ಸುಗುಣಮ್ಮನವರು ನಡೆಸುತ್ತಿದ್ದಾರೆ. ಪರೀಕ್ಷೆ ಪಾಸು ಮಾಡಿದ ನರ್ಸು. ಹನ್ನೆರಡು ವರ್ಷ ಆರ್ಲಿಯಮ್ಮನವರ ಪಕ್ಕದಲ್ಲಿ ನಿಂತು ಕಲಿತವರು. ಆದರೆ ಊರಾಚೆಯ ಕೇರಿಯಲ್ಲಿ ಹುಟ್ಟಿದವರು. ಅದೊಂದೇ ಕಾರಣಕ್ಕೆ ದೊಡ್ಡ ಬೀದಿಯ ಮನೆಗಳವರು ಅವರನ್ನು ಕರೆಯುವುದಿಲ್ಲ.

ನಮ್ಮ ಮನೆಯೂ ದೊಡ್ಡ ಬೀದಿಯಲ್ಲಿಯೇ ಇದೆ. (ಇದನ್ನು ಬರೆಯದೆ ಬಿಡಬಹುದಾಗಿತ್ತು.) ತಂಗಿ ಪುಟ್ಟತಾಯಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮೊದಲನೆಯ ಕೂಸು ಉಳಿದಿರಲಿಲ್ಲ. ಈ ಸಲ ಕಾಲುಗಳು ಊದಿಕೊಂಡು, ತಲೆನೋವೆಂದು ನರಳುತ್ತಿದ್ದಳು. ಬೀದಿಯ ಸೂಲಗಿತ್ತಿಗೆ ಕಣ್ಣು ಮಂಜು. ಆದರೂ ನಮ್ಮ ತಾಯಿಯವರಿಗೆ ಅವಳೇ ಸಾಕು.

ಸಭೆಯ ಬಾಗಿಲಿಗೆ ಮರಳೋಣ.

“ಇದೇನಮ್ಮ? ಇಲ್ಲಿ ಹಳೆ ಬಟ್ಟೆ ಹಂಚುವ ಕಾರ್ಯಕ್ರಮವಿಲ್ಲ,” ಎಂದೆ.

ಗುಂಪಿನ ಹಿರಿಯಳು ಗುರುಪುರದ ನಿಂಗಮ್ಮ. “ಅಂಚಕ್ಕಲ್ಲ ಕಣಪ್ಪ, ಕೊಡಾಕೆ ತಂದಿರಾದು. ಓದಿರೋನು ನೀನು, ಅಷ್ಟೂ ಗೊತ್ತಿಲ್ವಾ?”

ಗೊತ್ತಿರಲಿಲ್ಲ; ಅವಳೇ ಹೇಳಿದಳು. ಹುಟ್ಟಿದ ಕೂಸಿಗೆ ನಮ್ಮಲ್ಲಿ ಹೊಸ ಬಟ್ಟೆ ತೊಡಿಸುವುದಿಲ್ಲ. ಉಟ್ಟು ಒಗೆದು ಮೆತ್ತಗಾದ ಹಳೆಯ ಸೀರೆಯಲ್ಲಿ ಸುತ್ತುತ್ತೇವೆ. ಆರ್ಲಿಯಮ್ಮನವರು ಬಂದ ಹೊಸತರಲ್ಲಿ ತಮ್ಮ ದೇಶದಿಂದ ಹೊಚ್ಚ ಹೊಸ ಫ್ಲಾನೆಲ್ ತರಿಸಿದರಂತೆ. ಒಬ್ಬ ತಾಯಿಯೂ ಮುಟ್ಟಲಿಲ್ಲ. ಅವರು ಬೇಸರಪಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅಂದೇ ಒಂದು ಕಟ್ಟಳೆ ಮಾಡಿದರು: ಹೆತ್ತವಳು ಮುಂದೆ ಹೆರುವವಳಿಗಾಗಿ ಒಂದು ಹಳೆಯ ಸೀರೆಯನ್ನು ಕುದಿಸಿ ಒಗೆದು ಡಿಸ್ಪೆನ್ಸರಿಯ ಪೆಟ್ಟಿಗೆಯಲ್ಲಿ ತಂದಿಡಬೇಕು.

“ಆಯಮ್ಮ ಊರು ಬುಟ್ಟೋದ್ಮೇಲೆ ನಾವೂ ಮರ್ತ್‌ಬುಟ್ವು,” ಎಂದಳು ನಿಂಗಮ್ಮ. “ಸುಗುಣಕ್ಕನ ಪೆಟ್ಗೆ ಖಾಲಿ ಬಿದ್ದದೆ. ಅದ್ಕೇ ತಂದೋ.”

ಒಳಗೆ ಅಧ್ಯಕ್ಷರು ಪಿಸುಗುಟ್ಟಿದರು: “ಹಳೇ ಸೀರೆ ವೇದಿಕೆ ಮೇಲಾ? ಚೆನ್ನಾಗಿರಲ್ಲ ಕಣ್ರೀ.”

ಗಾಡಿ ಚಕ್ರದ ವ್ಯಾಪಾರಿ ಅಮೀರ್ ಸಾಹೇಬರು ಎದ್ದರು. ಅವರ ಮೂರು ಮಕ್ಕಳೂ ಹುಟ್ಟಿದ್ದು ಆರ್ಲಿಯಮ್ಮನವರ ಕೈಯಲ್ಲಿ. ಡಿಸ್ಪೆನ್ಸರಿಯ ಗೋಡೆಗೆ ಆರ್ಲಿಯಮ್ಮನವರ ಹೆಸರಿನ ಅಮೃತಶಿಲೆ ಹಾಕಿಸುತ್ತೇನೆಂದು ಆಗಲೇ ಒಪ್ಪಿಕೊಂಡಿದ್ದರು. ವೇದಿಕೆಗೆ ಹೋಗಿ ಮೇಜಿನ ಮೇಲಿದ್ದ ಹೂದಾನಿಯನ್ನು ಸರಿಸಿ, ಗಂಟುಗಳಿಗೆ ಜಾಗ ಮಾಡಿದರು.

ನಾನು ನಿರ್ಣಯ ಓದಿದೆ. ‘ಅವರ ಸೇವಾಪರಂಪರೆಯು ಅವಿಚ್ಛಿನ್ನವಾಗಿ ಮುಂದುವರಿಯಲಿ’ ಎಂಬ ವಾಕ್ಯಕ್ಕೆ ಚಪ್ಪಾಳೆಯೂ ಬಂತು. ಚಪ್ಪಾಳೆ ನಿಂತೊಡನೆ ನಿಂಗಮ್ಮನ ದನಿ: “ಅಲ್ಲಾ, ನಿನ್ ತಂಗಿಗೆ ದಿನ ತುಂಬ್ಯದಂತಲ್ಲಪ್ಪ? ಸುಗುಣಕ್ಕನ್ನ ಕರ್ಸಿದ್ರಾ?”

ಇಡೀ ಸಭೆ ನನ್ನತ್ತ ತಿರುಗಿತು.

“ಜವಾಬ್ ಕೊಡಿ ಸೆಕ್ರೆಟರಿ ಸಾಹೇಬ್ರೆ,” ಎಂದರು ಅಮೀರ್ ಸಾಹೇಬರು. “ಇಂಗ್ಲಿಷ್‌ನಾಗಾದ್ರೂ ಸರಿ.”

ನಾನು ನಿರ್ಣಯದ ಕಾಗದವನ್ನು ಮಡಿಸಿ ಜೇಬಿಗಿಟ್ಟು ವೇದಿಕೆಯಿಂದ ಇಳಿದೆ.

ಮನೆಗೆ ಬಂದು, ಸುಗುಣಮ್ಮನವರನ್ನು ಕರೆಸೋಣವೆಂದು ತಾಯಿಯವರಿಗೆ ಹೇಳಿದೆ. “ನಮ್ ಒಳಕೋಣೆಗೆ ಅವಳ್ನಾ? ಬೀದಿಯೋರು ನೀರು ಮುಟ್ತಾರೇನ್ಲಾ ನಮ್ಮನೇಲಿ?” ಎಂದರು. ನಾನು ಸಭೆಯ ವರದಿ ಬರೆಯಲು ಕುಳಿತೆ. ಎಂದಿನಂತೆಯೇ.

ಒಳಗಿನಿಂದ ಪುಟ್ಟತಾಯಿ ಕೇಳಿದಳು: “ಅಣ್ಣಾ, ನಾನು ಸತ್ರೆ ನಂಗೂ ಒಂದು ಮೀಟಿಂಗ್ ಮಾಡ್ತೀಯಾ?”

ತಾಯಿಯವರು ಸೆರಗಿನಿಂದ ಮುಖ ಒರೆಸಿಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಸೇತುವೆಯ ಕಡೆಗೆ ನಡೆದರು. ಡಿಸ್ಪೆನ್ಸರಿಯ ಮೆಟ್ಟಿಲ ಬಳಿ ನಿಂತು, “ಬಾರವ್ವ, ಮಗಳ್ನ ನೋಡು. ಹಿತ್ಲ ಬಾಗ್ಲು ತೆಗ್ದಿರ್ತೀನಿ,” ಎಂದರು.

ಸುಗುಣಮ್ಮನವರು ಆಗಲೇ ಚೀಲಕ್ಕೆ ಸಾಮಾನು ತುಂಬುತ್ತಿದ್ದರು. ತಲೆಯೆತ್ತಲಿಲ್ಲ. “ಬತ್ತೀನಿ ಕಣವ್ವ, ಈಗ್ಲೇ ಬತ್ತೀನಿ. ಆದ್ರೆ ಆರ್ಲಿಯಮ್ಮ ನಿಮ್ ಬೀದೀಲಿ ಯಾವ ಬಾಗ್ಲಿಂದ ಬತ್ತಿದ್ರು?”

ಮುಂಬಾಗಿಲಿನಿಂದಲೇ. ಪರದೇಶದವರು, ಪರಮತದವರು. ಆದರೂ ಅವರಿಗೆ ನಮ್ಮ ಬೀದಿ ಎಂದೂ ಹಿತ್ತಲು ತೋರಿಸಿರಲಿಲ್ಲ. “ನೀನೂ ಅಂಗೇ ಬಾ ಬುಡವ್ವ,” ಎಂದರು ತಾಯಿಯವರು.

ಹಾಗೆಯೇ ಬಂದರು. ಊಟದಲ್ಲಿ ಉಪ್ಪು ಬಿಡಿಸಿದರು, ಕೋಣೆಯ ಕಿಟಕಿಗೆ ಪರದೆ ಕಟ್ಟಿಸಿ ಮಲಗಿಸಿದರು, ಮೂರು ದಿನ ಹತ್ತಿರವೇ ಉಳಿದರು. ಗುರುವಾರ ಮಧ್ಯಾಹ್ನ ಪುಟ್ಟತಾಯಿಗೆ ಹೆಣ್ಣು ಮಗುವಾಯಿತು. ಇಬ್ಬರೂ ಕ್ಷೇಮ.

ಎದುರುಮನೆಯವರು ಎರಡು ದಿನ ನಮ್ಮೊಡನೆ ಮಾತು ಬಿಟ್ಟಿದ್ದರು. ಅವರ ಸೊಸೆಗೂ ಈಗ ಏಳು ತಿಂಗಳು. ನಿನ್ನೆ ಆ ಮನೆಯ ಯಜಮಾನಿತಿ ಜಗಲಿಗೆ ಬಂದು ಮೆಲ್ಲಗೆ ವಿಚಾರಿಸಿದರು: “ಆಯಮ್ಮ ಮತ್ತೆ ಯಾವಾಗ ಬತ್ತಾಳೆ?”

“ನಿಮ್ ಮುಂಬಾಗ್ಲು ತೆಗ್ದಿದ್ರೆ ನಾಳೇನೇ ಬತ್ತಾರೆ,” ಎಂದರು ತಾಯಿಯವರು. (‘ಬತ್ತಾಳೆ’ ಅಲ್ಲ, ‘ಬತ್ತಾರೆ’. ನಾನು ಗಮನಿಸಿದೆ.)

ಅಮೃತಶಿಲೆ ಮೈಸೂರಿನಿಂದ ಬರಲು ಇನ್ನೂ ಒಂದು ತಿಂಗಳಾಗುತ್ತದಂತೆ. ಅಷ್ಟರೊಳಗೆ ನಮ್ಮ ಬೀದಿಯಲ್ಲಿ ಇನ್ನೆಷ್ಟು ಬಾಗಿಲುಗಳು ತೆರೆದಾವು?